ನಿಂಟೆಂಡೊ ಸ್ವಿಚ್ 2ಗೆ 450 ಡಾಲರ್ ಕೊಡೋದಾ, ಇಲ್ಲಾ ಓಎಲ್ಇಡಿಗೆ 400 ಕೊಟ್ಟು ಸುಮ್ನಾಗೋದಾ?

ಮೈಸೂರ್_ಟು_ಪ್ಲೇನೋ:

ಎಲ್ಲರಿಗೂ ನಮಸ್ಕಾರ. ಈ 2025ರ ದಸರಾ ಮುಗಿದಾಗಿಂದ ಮನೇಲಿ ಇದೇ ಮಾತು, ಒಂದು ತೀರ್ಮಾನಕ್ಕೆ ಬರೋಕೇ ಆಗ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನಾವು ಟೆಕ್ಸಸ್‌ನ ಪ್ಲೇನೋದಲ್ಲಿದೀವಿ, ಮಗಳಿಗೆ 10 ವರ್ಷ, ಮಗನಿಗೆ 7. ಮನೇಲಿ 2018ರಲ್ಲಿ ತಗೊಂಡ ಹಳೇ ನಿಂಟೆಂಡೊ ಸ್ವಿಚ್ ಇದೆ, ಕೈಯಲ್ಲೂ ಟಿವಿಲೂ ಆಡೋ ಗೇಮ್ ಮಷೀನ್, ಆಗ 299.99 ಡಾಲರ್ ಕೊಟ್ಟಿದ್ವಿ, ಮಕ್ಕಳು ದಿನಾ ಆಡಿದಾರೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹೋದ ತಿಂಗಳು ಮಗ ಅದನ್ನ ಸೋಫಾ ಮೇಲಿಂದ ಕೆಳಗೆ ಬೀಳಿಸ್ದ, ಪರದೆ ಮೇಲಿನ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿದೆ. ಟಿವಿಗೆ ಹಾಕಿದ್ರೆ ಚೆನ್ನಾಗಿ ನಡೆಯುತ್ತೆ, ಆದ್ರೆ ಕೈಯಲ್ಲಿ ಕೊಡೋಕೆ ಭಯ, ಬೆರಳು ಕುಯ್ದುಕೊಂಡ್ರೆ ಅಂತ.

ಸರಿ ಹೊಸದು ತಗೊಳ್ಳೋಣ, ದೀಪಾವಳಿಗೆ ಕೊಡ್ಸೋಣ ಅಂತ ಅಂಗಡಿಗೆ ಹೋದೆ. ಹಳೇ ಮಾಡೆಲ್ ಬಂದು ಎಂಟು ವರ್ಷ ಆಯ್ತಲ್ಲ, ಈಗ 200ಕ್ಕೆಲ್ಲ ಸಿಗಬೋದು ಅಂತ ನನ್ನ ಲೆಕ್ಕ. ಅಲ್ಲಿ ನೋಡಿದ್ರೆ ಅದೇ ಮಾಮೂಲಿ ಸ್ವಿಚ್ 339.99, ಅದರಲ್ಲೇ ಒಳ್ಳೇ ಪರದೆಯ ಓಎಲ್ಇಡಿ ಮಾಡೆಲ್ 399.99, ಟಿವಿಗೆ ಹಾಕೋಕೇ ಆಗದ ಲೈಟ್ 229.99! 2018ಕ್ಕಿಂತ ಈಗ ಜಾಸ್ತಿ! ಪಕ್ಕದಲ್ಲೇ ಈ ವರ್ಷ ಬಂದ ಹೊಸ ಸ್ವಿಚ್ 2 449.99ಕ್ಕೆ ಇದೆ, ಮಾರಿಯೋ ಕಾರ್ಟ್ ವರ್ಲ್ಡ್ ಗೇಮ್ ಸೇರಿದ ಬಂಡಲ್ 499.99. ಇದರ ಮೇಲೆ ಇಲ್ಲಿ 8.25 ಪರ್ಸೆಂಟ್ ಟ್ಯಾಕ್ಸ್, ಅಂದ್ರೆ ಬರೀ ಸ್ವಿಚ್ 2 ಡಬ್ಬಾನೇ 487 ಡಾಲರ್ ಆಗುತ್ತೆ.

ನಮ್ಮ ಯಜಮಾನ್ರು ಹೇಳೋದು, ಮಕ್ಕಳು ಆಡೋದು ಹಳೇ ಗೇಮ್‌ಗಳೇ, ಓಎಲ್ಇಡಿ ಸಾಕು, ಇಲ್ಲಾಂದ್ರೆ ಒಂದು ವರ್ಷ ಕಾಯೋಣ ಸ್ವಿಚ್ 2 ಇಳಿಯುತ್ತೆ ಅಂತ. ಟೋಕಿಯೊದಲ್ಲಿರೋ ನನ್ನ ತಮ್ಮ ಹೇಳೋದು, ಜಪಾನ್‌ನಲ್ಲಿ 50 ಸಾವಿರ ಯೆನ್ ಒಳಗೇ ಇದೆ ಅಕ್ಕ, ನಾನೇ ತಂದುಕೊಡ್ತೀನಿ ಅಂತ. ಇನ್ನೊಂದು ವಿಷಯ, ಡಿಸೆಂಬರ್‌ನಲ್ಲಿ ಮೂರು ವಾರ ಮೈಸೂರಿಗೆ ಹೋಗ್ತಿದೀವಿ, ಅಷ್ಟು ಉದ್ದದ ಫ್ಲೈಟ್, ಅಲ್ಲಿ ಅಜ್ಜಿ ಮನೇಲಿ ಅಣ್ಣನ ಮಕ್ಕಳೂ ಸೇರ್ತಾರೆ, ಅಲ್ಲಿ ಟಿವಿಗೂ ಹಾಕಬೇಕು. ಹಾಗಾಗಿ ಕೈಯಲ್ಲೂ ಆಡೋ ಹಾಗಿರಬೇಕು, ಟಿವಿಲೂ ಆಡೋ ಹಾಗಿರಬೇಕು, ಅದಕ್ಕೇ ಪ್ಲೇಸ್ಟೇಷನ್ ಕಡೆ ಹೋಗ್ತಿಲ್ಲ.

ಎಲ್ಲಾ ಸೇರಿ 600 ಡಾಲರ್ ದಾಟಬಾರದು ಅನ್ನೋದು ನನ್ನ ಆಸೆ. ತಗೊಂಡು ಬಳಸ್ತಿರೋರು ನಿಜವಾದ ಖರ್ಚು ಎಷ್ಟು ಬಂತು ಅಂತ ಹೇಳಿ, ಪ್ಲೀಸ್.

ಧಾರವಾಡ_ಜರ್ಸಿ:

ಅಕ್ಕಾರ, ಮೊದಲ ನೇರಾನೇರ ಹೇಳ್ತೀನಿ, 400 ಡಾಲರ್ ಕೊಟ್ಟು ಓಎಲ್ಇಡಿ ತಗೋಬ್ಯಾಡ್ರಿ. ಅದು ಕೆಟ್ಟ ಮಷೀನ್ ಅಂತಲ್ಲ, ಪರದೆ ಭಾಳ ಛಲೋ ಐತಿ, ಕಪ್ಪು ಬಣ್ಣ ಸ್ವಿಚ್ 2ರ ಎಲ್‌ಸಿಡಿಕ್ಕಿಂತ ಅದರಾಗ ಚಂದ ಕಾಣ್ತೈತಿ, ಅದನ್ನ ಒಪ್ಪತೀನಿ. ಆದ್ರ ಅದು 350ಕ್ಕ ಇದ್ದಾಗ ಮಾತು ಬ್ಯಾರೆ ಇತ್ತು. ಈ ಆಗಸ್ಟ್ 3ಕ್ಕ ಅಮೆರಿಕಾದಾಗ ಹಳೇ ಸ್ವಿಚ್ ಎಲ್ಲಾದಕ್ಕೂ ರೇಟ್ ಏರಿಸಿದ ಮ್ಯಾಲ ಅದಕ್ಕೂ ಸ್ವಿಚ್ 2ಕ್ಕೂ ನಡುವ ಅಂತರ ಬರೇ 50 ಡಾಲರ್ ಉಳೀತು, ಆ 50 ಡಾಲರ್‌ಗೆ ನಿಮಗ ಸಿಗೂದು ಏನಂದ್ರ 64 ಜಿಬಿ ಇದ್ದಲ್ಲೆ 256 ಜಿಬಿ, 7 ಇಂಚಿನ 720ಪಿ ಪರದೆ ಇದ್ದಲ್ಲೆ 7.9 ಇಂಚಿನ, ಇನ್ನೂ ಸ್ಪಷ್ಟ ಕಾಣೂ 1080ಪಿ, ಟಿವಿಗೆ ಹಾಕಿದ್ರ 4ಕೆ ತನಕ, ಮತ್ತ ಇನ್ನ ಮುಂದ ಬರೂ ದೊಡ್ಡ ಆಟ ಬಹುತೇಕ ಇದಕ್ಕ ಬರೂವು. ನಿಮ್ಮ ಹಳೇ ಕಾರ್ಟ್ರಿಜ್, ಅಂದ್ರ ಆಟ ಇರೂ ಸಣ್ಣ ಕಾರ್ಡ್, ಹೆಚ್ಚುಕಡಿಮಿ ಎಲ್ಲಾ ಇದರಾಗ ಓಡ್ತಾವ, ಅವನ್ನ ಮಾರಬ್ಯಾಡ್ರಿ. ಸೂಪರ್ ಮಾರಿಯೋ ಒಡಿಸ್ಸಿ, ಪೊಕೆಮಾನ್ ಸ್ಕಾರ್ಲೆಟ್ ಇಂಥಾ ಆಟಕ್ಕ ಸ್ವಿಚ್ 2 ಮ್ಯಾಲ ಫ್ರೀ ಅಪ್‌ಡೇಟ್ ಐತಿ, ಪೊಕೆಮಾನ್ ಅಂತೂ ಹಳೇ ಮಷೀನ್‌ನ್ಯಾಗ ಎಷ್ಟು ತಡವರಿಸ್ತಿತ್ತು, ಈಗ ನೀರು ಹರಿದಂಗ ಓಡ್ತೈತಿ, ನನ್ನ ಮಗಳು ಅದನ್ನ ಮತ್ತ ಮೊದಲಿಂದ ಶುರು ಮಾಡ್ಯಾಳ.

ಇನ್ನ ನಿಮ್ಮ ಯಜಮಾನ್ರು ಕಾಯೋಣ ಅಂತಾರಲ್ಲ, ಅದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರ ನಾನೂ ಹಿಂದ ಹಂಗ ಕಾದಂವ. ನಿಂಟೆಂಡೊ ರೇಟ್ ಇಳಿಸಿದ್ದು ನೆನಪಿರೂದು 3ಡಿಎಸ್ ಅನ್ನೂ ಕೈಯಾಗ ಹಿಡದು ಆಡೂ ಮಷೀನ್‌ಗೆ. 2011ರ ಮಾರ್ಚ್‌ನ್ಯಾಗ 249.99ಕ್ಕ ಬಂತು, ಮಾರಾಟ ಆಗಲಿಲ್ಲ, ಅದೇ ಆಗಸ್ಟ್‌ನ್ಯಾಗ 169.99ಕ್ಕ ಇಳಿಸಿದ್ರು, ಮೊದಲ ತಗೊಂಡವ್ರಿಗೆ ಬ್ಯಾಸರ ಆಗಬಾರದು ಅಂತ 20 ಹಳೇ ಗೇಮ್ ಫ್ರೀ ಕೊಟ್ರು, ಅಧ್ಯಕ್ಷ ಇವಾಟಾ ತಮ್ಮ ಸಂಬಳದಾಗ ಅರ್ಧ ಬಿಟ್ಟುಕೊಟ್ರು. ಅದು ಮಾಲು ಹೋಗದಿದ್ದಾಗ ಮಾಡಿದ ಕೆಲಸ. 2017ರ ಮಾರ್ಚ್ 3ಕ್ಕ ಬಂದ ಸ್ವಿಚ್ ಹಂಗಲ್ಲ, ಮೊದಲ ದಿನದಿಂದ ಹೋಯ್ತು, 15 ಕೋಟಿ ದಾಟೇತಿ, ಅದಕ್ಕ ಅಮೆರಿಕಾದಾಗ ಎಂಟು ವರ್ಷದಾಗ ಒಂದ್ ಸಲಾನೂ ಅಧಿಕೃತವಾಗಿ ರೇಟ್ ಇಳಿಸಲಿಲ್ಲ, ಕಡೀಕ ಏರಿಸಿದ್ರು. ಸ್ವಿಚ್ 2 ಜೂನ್ 5ಕ್ಕ ಬಂದು ನಾಕ ದಿನದಾಗ 35 ಲಕ್ಷಕ್ಕಿಂತ ಹೆಚ್ಚು ಹೋತು. ಇಷ್ಟು ಜೋರ ಹೋಗೂ ಮಾಲಿಗೆ ಯಾರೂ ರೇಟ್ ಇಳಸಂಗಿಲ್ರಿ. ಬಾಕಿದವ್ರನ್ನ ನೋಡ್ರಿ, ಪಿಎಸ್5, ಅಂದ್ರ ಪ್ಲೇಸ್ಟೇಷನ್ 5, ಆಗಸ್ಟ್‌ನ್ಯಾಗ 50 ಡಾಲರ್ ಏರಿ 549.99 ಆತು, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಈ ತಿಂಗಳ 649.99 ಆತು. ಹೊರಗಿನ ಮಾಲಿನ ಮ್ಯಾಲ ಅಮೆರಿಕಾ ಹಾಕಿದ ಸುಂಕದ ಗದ್ದಲ ಒಂದ್ ಕಡೆ, ಮೆಮೊರಿ ಚಿಪ್ ರೇಟ್ ಏರಾಕತ್ತಿದ್ದು ಇನ್ನೊಂದ್ ಕಡೆ. ಏಪ್ರಿಲ್‌ನ್ಯಾಗ ಸುಂಕದ ಸಲುವಾಗಿ ಪ್ರೀ-ಆರ್ಡರ್ ಮುಂದ ಹಾಕಿದ್ರಲ್ಲ, ಆವಾಗ ಮಷೀನ್ ರೇಟ್ ಮುಟ್ಟಲಿಲ್ಲ ಖರೆ, ಆದ್ರ ಪ್ರೊ ಕಂಟ್ರೋಲರ್, ಜಾಯ್-ಕಾನ್ (ಪರದೆ ಎರಡೂ ಬಾಜೂಕ ಕೂಡೂ ಸಣ್ಣ ಕಂಟ್ರೋಲರ್) ಎಲ್ಲಾ 5-5 ಡಾಲರ್ ಏರಿಬಿಟ್ವು. ಕಾದ್ರ ಇಳೀತೈತಿ ಅನ್ನೂ ಕಾಲ ಅಲ್ಲ ಇದು.

ಈಗ ಖರ್ಚಿನ ಮಾತು. ಡಬ್ಬಿ ರೇಟ್ ನೋಡಿ ಲೆಕ್ಕ ಹಾಕಬ್ಯಾಡ್ರಿ, ರೊಕ್ಕ ಹೋಗೂದು ಆಟದ ಮ್ಯಾಲ. ಮಾರಿಯೋ ಕಾರ್ಟ್ ವರ್ಲ್ಡ್ ಬಿಡಿಯಾಗಿ 79.99, ಡಾಂಕಿ ಕಾಂಗ್ ಬನಾಂಜಾ 69.99. ಹಂಗಾಗಿ ಬಂಡಲ್ ತಗೋರಿ, 80ರ ಆಟ 50ಕ್ಕ ಬಂದಂಗ ಆತು. ಮತ್ತ ನಿಂಟೆಂಡೊ ಆಟ ಹಳೇದಾದ್ರೂ ಅಗ್ಗ ಆಗಂಗಿಲ್ಲ, ಮಾರಿಯೋ ಕಾರ್ಟ್ 8 ಡಿಲಕ್ಸ್ 2017ರದ್ದು, ಇನ್ನೂ 59.99ಕ್ಕ ಮಾರ್ತಾರ. ಇದು ತಗೊಳ್ಳುವಾಗ ಹೊಟ್ಟಿ ಉರಸ್ತೈತಿ, ಮಾರುವಾಗ ಕೈ ಹಿಡೀತೈತಿ, ಯಾಕಂದ್ರ ಕಾರ್ಟ್ರಿಜ್ ಇದ್ರ ಎರಡು ವರ್ಷ ಆದ ಮ್ಯಾಲೂ ಛಲೋ ರೇಟ್ ಬರ್ತೈತಿ. ಡಿಜಿಟಲ್, ಅಂದ್ರ ಡೌನ್‌ಲೋಡ್ ಮಾಡಿ ತಗೊಂಡ್ರ ಆ ರೊಕ್ಕ ಹೋತಂತನ ತಿಳೀರಿ.

ನಮ್ಮ ಮನ್ಯಾಗಿನ ಲೆಕ್ಕ ಹೇಳ್ತೀನಿ. ಹಳೇ ಸ್ವಿಚ್ 300, ಏಳು ವರ್ಷದಾಗ ಒಂದು ಡಜನ್ ಆಟ, ಸುಮಾರು 600, ಒಟ್ಟು 900. ವರ್ಷಕ್ಕ 130 ಡಾಲರ್ ಸೈತ ಬೀಳಲಿಲ್ಲ. ಇಲ್ಲೆ ಕನ್ನಡ ಪಿಕ್ಚರ್ ಬಂದಾಗ ನಾಕ ಮಂದಿ ಹೋಗಿ ಪಾಪ್‌ಕಾರ್ನ್ ತಿಂದು ಬಂದ್ರ ಒಂದ ಸಂಜೀಗೆ 100 ಡಾಲರ್ ಆಗ್ತೈತಿ ನಮಗ. ಹಂಗಂತ ಪಿಕ್ಚರ್ ಬಿಡ್ರಿ ಅನ್ನಾಕತ್ತಿಲ್ಲ, ಎರಡೂ ಬೇಕು.

ಇನ್ನೊಂದು, ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಯೊಳಗ ಸ್ವಿಚ್ ಗೇಮ್ ಕೊಡ್ತಾರೇನು ಕೇಳ್ರಿ. ಇಲ್ಲೆ ನಮ್ಮ ಕಡೆ ಕೊಡ್ತಾರ, ಪುಸ್ತಕ ಕೊಟ್ಟಂಗ ಕೊಡ್ತಾರ, ಮಕ್ಕಳು ಆಡಿ ನೋಡಿ ಮನಸ್ಸಿಗೆ ಬಂದ್ರ ಮಾತ್ರ ನಾವು ತಗೋತೀವಿ. ಅದರಿಂದ ಎಷ್ಟ್ ಉಳಿಸೇನಿ ಅಂದ್ರ ಮೇಲಿನ ಲೆಕ್ಕದಾಗ ಡಜನ್ ಆಟ ಅಂತ ಹೇಳಾಕ ಆಗೂದು ಅದರಿಂದನ.

ಡೆಕ್_ಪ್ರೇಮಿ_ಸಿಯಾಟಲ್:

ಅಕ್ಕ, ಒಂದು ಬೇರೆ ದಾರಿ ಹೇಳ್ತೀನಿ, ಬೈಬೇಡಿ. ಸ್ಟೀಮ್ ಡೆಕ್ ನೋಡಿದೀರಾ? ಕಂಪ್ಯೂಟರ್ ಗೇಮ್‌ಗಳನ್ನ ಕೈಯಲ್ಲೇ ಆಡೋ ಮಷೀನ್ ಅದು. 256 ಜಿಬಿ ಎಲ್‌ಸಿಡಿ ಮಾಡೆಲ್ 399, ಓಎಲ್ಇಡಿ 512 ಜಿಬಿ 549. ಮೊದಲು ಕೊಡೋ ದುಡ್ಡು ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಗೇಮ್ ರೇಟ್ ನೋಡಿದ್ರೆ ಆಕಾಶ ಭೂಮಿ ವ್ಯತ್ಯಾಸ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಲಿ ಸೇಲ್ ಬಂದಾಗ 60 ಡಾಲರ್ ಗೇಮ್ 15ಕ್ಕೆ, 10ಕ್ಕೆ ಎಲ್ಲಾ ಸಿಗುತ್ತೆ. ಆನ್‌ಲೈನ್ ಆಡೋಕೆ ವರ್ಷ ವರ್ಷ ದುಡ್ಡು ಕಟ್ಟೋದಿಲ್ಲ. ನಾನು ಎರಡು ವರ್ಷದಲ್ಲಿ ಗೇಮ್‌ಗೆ 150 ಡಾಲರ್ ಕೂಡ ಖರ್ಚು ಮಾಡಿಲ್ಲ, 40 ಗೇಮ್ ಇದೆ ನನ್ನತ್ರ. ಜರ್ಸಿ ಅಣ್ಣ ಹೇಳಿದ ಮಾತೇ ನಾನೂ ಹೇಳೋದು, ದುಡ್ಡು ಹೋಗೋದು ಗೇಮ್ ಮೇಲೆ, ಹಾಗಿದ್ಮೇಲೆ ಗೇಮ್ ಅಗ್ಗ ಇರೋ ಕಡೆ ಹೋಗ್ಬೇಕಲ್ವಾ?

ಆದ್ರೆ ನಿಮ್ಮ ಮನೆ ವಿಷಯದಲ್ಲಿ ಎರಡು ತೊಂದ್ರೆ ನನಗೇ ಕಾಣ್ತಿದೆ, ಅದನ್ನೂ ಹೇಳ್ಬಿಡ್ತೀನಿ. ಒಂದು, ಡೆಕ್ ಜೊತೆ ಟಿವಿಗೆ ಹಾಕೋ ಡಾಕ್ ಬರಲ್ಲ, ಕಂಪನಿದೇ ಬೇಕಂದ್ರೆ 79, ಇಬ್ರು ಆಡೋಕೆ ಎರಡು ಕಂಟ್ರೋಲರ್ ಬೇರೆ ತಗೋಬೇಕು, ಸ್ವಿಚ್‌ನಲ್ಲಿ ಎರಡು ಜಾಯ್-ಕಾನ್ ಬಿಚ್ಚಿ ಒಬ್ಬೊಬ್ರಿಗೆ ಒಂದೊಂದು ಕೊಟ್ರೆ ಮುಗೀತು. ಎರಡನೇದು, ತೂಕ. ಡೆಕ್ ಓಎಲ್ಇಡಿ 640 ಗ್ರಾಂ. 7 ವರ್ಷದ ಕೈಗೆ ಜಾಸ್ತಿನೇ. ಸ್ವಿಚ್ 2 ಜಾಯ್-ಕಾನ್ ಸೇರಿ 534 ಗ್ರಾಂ, ನಿಮ್ಮ ಹಳೇದು 400ರ ಹತ್ರ, ಲೈಟ್ ಬರೀ 275. ಮಗನಿಗೆ ಸ್ವಿಚ್ 2 ಕೂಡ ಮೊದಲು ಭಾರ ಅನ್ಸುತ್ತೆ, ಅಂಗಡೀಲಿ ಒಂದ್ಸಲ ಅವನ ಕೈಗೆ ಕೊಟ್ಟು ನೋಡಿ.

ಮಗಳು ಹೈಸ್ಕೂಲ್‌ಗೆ ಬಂದ್ಮೇಲೆ ಡೆಕ್ ನೆನಪು ಮಾಡ್ಕೊಳ್ಳಿ, ಅಷ್ಟೇ ನಾನು ಹೇಳೋದು.

ಮೈಸೂರ್_ಟು_ಪ್ಲೇನೋ:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದವರೇ, ಲೈಬ್ರರಿ ವಿಷಯ ನನಗೆ ಗೊತ್ತೇ ಇರ್ಲಿಲ್ಲ, ವಾರಕ್ಕೆರಡು ಸಲ ಹೋಗ್ತೀವಿ, ಒಂದಿನಾನೂ ಆ ಕಪಾಟಿನ ಕಡೆ ನೋಡಿಲ್ಲ, ನಾಳೇನೇ ಕೇಳ್ತೀನಿ. ಡೆಕ್ ಬೇಡ, ಮಕ್ಕಳಿಗೆ ಬೇಕಿರೋದು ಮಾರಿಯೋ, ಪೊಕೆಮಾನ್, ಅದು ಅಲ್ಲಿ ಸಿಗಲ್ಲ. ಯಜಮಾನ್ರಿಗೆ ಆಗಸ್ಟ್ ರೇಟ್ ಏರಿದ್ದು ತೋರಿಸ್ದೆ, ಕಾಯೋ ಮಾತು ಬಿಟ್ರು. ಈಗ ಹೊಸಾ ವಾದ ಶುರು ಮಾಡಿದಾರೆ, ಇಬ್ರಿಗೂ ಒಂದೊಂದು ಲೈಟ್ ಕೊಡ್ಸೋಣ, 229.99 ಎರಡು ಅಂದ್ರೆ 460, ಸ್ವಿಚ್ 2 ಒಂದರ ರೇಟೇ ಆಯ್ತಲ್ಲ, ಜಗಳಾನೂ ಇರಲ್ಲ ಅಂತ. ಕೇಳೋಕೆ ಸರಿ ಅನ್ಸುತ್ತೆ, ಎಲ್ಲೋ ಏನೋ ಸರಿಯಿಲ್ಲ ಅಂತಾನೂ ಅನ್ಸುತ್ತೆ.

ಮತ್ತೆ ಜಪಾನ್ ವಿಷಯ ಯಾರಾದ್ರೂ ಹೇಳಿ, ತಮ್ಮ ಇವತ್ತೂ ಫೋನ್ ಮಾಡಿದ್ದ, ಎರಡು ದಿನದಲ್ಲಿ ಹೇಳಕ್ಕ ತಗೊಂಡುಬಿಡ್ತೀನಿ ಅಂತಿದಾನೆ.

ಉಡುಪಿ_ಟು_ಸೈತಾಮಾ:

ತಮ್ಮನಿಗೆ ಈಗ್ಲೇ ಫೋನ್ ಮಾಡಿ ತಗೊಳ್ಬೇಡ ಅಂತ ಹೇಳಿ ಮಾರಾಯ್ರೆ! ನಾನು ಇಲ್ಲಿ ಜಪಾನಲ್ಲಿ ಒಂಬತ್ತು ವರ್ಷದಿಂದ ಇರುವವ, ಊರಿನಿಂದ ಎಷ್ಟು ಜನ ಇದೇ ಕೇಳಿದ್ದಾರೆ ಅಂತ ಲೆಕ್ಕ ಇಲ್ಲ.

ಇಲ್ಲಿ ಎರಡು ಬಗೆ ಸ್ವಿಚ್ 2 ಉಂಟು. 49,980 ಯೆನ್‌ದ್ದು, ನಿಮ್ಮ ತಮ್ಮ ಹೇಳಿದ್ದು ಅದು, ಈಗಿನ ರೇಟಲ್ಲಿ 330 ಡಾಲರ್ ಆಸುಪಾಸು, ಕೇಳುವಾಗ ಬಾಯಲ್ಲಿ ನೀರು ಬರ್ತದೆ. ಆದ್ರೆ ಅದರಲ್ಲಿ ಮೆನು, ಸೆಟ್ಟಿಂಗ್ಸ್ ಎಲ್ಲ ಜಪಾನಿ ಭಾಷೆಯಲ್ಲಿ ಮಾತ್ರ, ಬದಲಿಸ್ಲಿಕ್ಕೆ ಆಗುದಿಲ್ಲ. ಭಾಷೆ ಆದ್ರೂ ಹೋಗ್ಲಿ, ಮಕ್ಕಳು ಚಿತ್ರ ನೋಡಿ ಹೇಗೋ ಕಲಿತಾರೆ, ಆದ್ರೆ ದೇಶ ಜಪಾನ್ ಅಂತ ಇರುವ ನಿಂಟೆಂಡೊ ಅಕೌಂಟ್ ಮಾತ್ರ ಅದಕ್ಕೆ ಸೇರ್ತದೆ. ನಿಮ್ಮದು ಅಮೆರಿಕಾ ಅಕೌಂಟ್, ಅದರಲ್ಲಿ ಏಳು ವರ್ಷದ ಡಿಜಿಟಲ್ ಗೇಮ್ ಏನಾದ್ರೂ ಇದ್ರೆ ಒಂದೂ ಅಲ್ಲಿಗೆ ಬರುದಿಲ್ಲ.

ಎರಡನೇದು ಎಲ್ಲ ಭಾಷೆಯದ್ದು, ಅದು 69,980 ಯೆನ್, ಇಲ್ಲಿ ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ. ಲೆಕ್ಕ ಹಾಕಿ, 466 ಡಾಲರ್ ಹತ್ರ ಬರ್ತದೆ. ಅಲ್ಲಿ ಉಳಿಯುದು ಏನೂ ಇಲ್ಲ, ಅದ್ರ ಮೇಲೆ ಏನಾದ್ರೂ ಕೆಟ್ರೆ ರಿಪೇರಿಗೆ ಇಲ್ಲಿಗೇ ಕಳಿಸ್ಬೇಕಾದೀತು.

ಯಾಕೆ ಹೀಗೆ ಮಾಡಿದ್ದಾರೆ ಅಂದ್ರೆ, ಯೆನ್ ಬಿದ್ದುಹೋಗಿದೆ, ಇಲ್ಲಿಯ ಸಂಬಳ ಡಾಲರ್ ಲೆಕ್ಕದಲ್ಲಿ ಕಮ್ಮಿ. ಇಲ್ಲಿಯ ಜನರಿಗೆ 70 ಸಾವಿರ ಅಂದ್ರೆ ಭಾರ. ಹಾಗಾಗಿ ಊರಿನವರಿಗೆ ಕಮ್ಮಿ ರೇಟ್, ಆದ್ರೆ ಆ ಕಮ್ಮಿ ರೇಟಿನ ಮಾಲು ಸೂಟ್‌ಕೇಸಲ್ಲಿ ಹೊರಗೆ ಹೋಗ್ಬಾರ್ದು ಅಂತ ಭಾಷೆಯ ಬೀಗ. ನನಗೆ ಇದು ನ್ಯಾಯ ಅಂತಲೇ ಕಾಣ್ತದೆ. ಶುರುವಿಗೆ ಇಲ್ಲಿ ಲಾಟರಿ ಹಾಕಿದ್ರು, ಅವರ ಅಂಗಡಿಗೆ 22 ಲಕ್ಷ ಅರ್ಜಿ ಬಂದಿತ್ತು, ಹಳೇ ಸ್ವಿಚ್‌ನಲ್ಲಿ 50 ಗಂಟೆಗಿಂತ ಹೆಚ್ಚು ಆಡಿದವರಿಗೆ, ಒಂದು ವರ್ಷ ಆನ್‌ಲೈನ್ ಚಂದಾ ಕಟ್ಟಿದವರಿಗೆ ಮಾತ್ರ ಅವಕಾಶ. ಬ್ಲಾಕಲ್ಲಿ ಮಾರುವವರಿಗೆ ಅಲ್ಲಿಗೇ ಬಾಗಿಲು ಹಾಕಿದ ಹಾಗೆ ಆಯ್ತು. ನನಗೆ ಮೂರನೇ ಸಲಕ್ಕೆ ಹೆಸರು ಬಂತು, ಆ ದಿನ ಹೆಂಡತಿ ಮನೆಯಲ್ಲಿ ಪಾಯಸ ಮಾಡಿದ್ಳು.

ಬಳಸಿದ ಮೇಲೆ ಹೇಳುದಾದ್ರೆ, ದುಡ್ಡಿಗೆ ತಕ್ಕ ವಸ್ತು. ಒಂದೇ ಮಾತು, ಬ್ಯಾಟರಿ. ಕಂಪನಿಯೇ ಹೇಳುದು 2ರಿಂದ 6.5 ಗಂಟೆ, ದೊಡ್ಡ ಗೇಮ್ ಹಾಕಿದ್ರೆ ಎರಡೂವರೆ ಗಂಟೆಗೆ ಚಾರ್ಜರ್ ಹುಡುಕ್ಬೇಕು. ಹಳೇ ಓಎಲ್ಇಡಿ ಇದಕ್ಕಿಂತ ಜಾಸ್ತಿ ಬಾಳ್ತದೆ. ನಿಮ್ಮ ಉದ್ದ ಫ್ಲೈಟಿಗೆ ಒಳ್ಳೆಯ ಪವರ್ ಬ್ಯಾಂಕ್ ಒಂದು ಲೆಕ್ಕದಲ್ಲಿ ಸೇರಿಸಿ.

ಬಸವನಗುಡಿ_ಗೇಮರ್:

ಅಕ್ಕ, ಎಲ್ಲಾ ಓದ್ದೆ, ಒಂದು ವಿಷಯ ಯಾರೂ ಹೇಳಿಲ್ಲ. ನಿಮ್ಮ ಹಳೇ ಸ್ವಿಚ್ ಸತ್ತಿಲ್ಲ! 2017, 18ರ ಆ ಮಾಡೆಲ್‌ನಲ್ಲಿ ಮೇಲಿನ ಟಚ್ ಗಾಜು ಬೇರೆ, ಒಳಗಿನ ಎಲ್‌ಸಿಡಿ ಬೇರೆ, ಫೋನ್ ಥರ ಎರಡನ್ನೂ ಸೇರಿಸಿ ಅಂಟಿಸಿರಲ್ಲ. ಬಿರುಕು ಬಿಟ್ಟಿರೋದು ಮೇಲಿನ ಗಾಜು ಮಾತ್ರ, ಒಳಗೆ ಚಿತ್ರ ಸರಿಯಾಗಿ ಬರ್ತಿದೆ ಅಂದ್ರೆ ಆ ಗಾಜೊಂದನ್ನ ಬದಲಾಯಿಸಿದ್ರೆ ಆಯ್ತು. ಪಾರ್ಟ್ ಏನೂ ದುಬಾರಿ ಅಲ್ಲ, ಹೊಸ ಮಷೀನ್ ರೇಟ್ ಮುಂದೆ ಲೆಕ್ಕಕ್ಕೇ ಇಲ್ಲ. ಅಲ್ಲೇ ಪ್ಲೇನೋದಲ್ಲಿ ಫೋನ್ ರಿಪೇರಿ ಮಾಡೋ ಅಂಗಡಿಲಿ ವಿಚಾರಿಸಿ, ಕೂಲಿ ಜಾಸ್ತಿ ಹೇಳಿದ್ರೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಇಳಿದಾಗ ತನ್ನಿ, ಇಲ್ಲಿ ಎಸ್‌ಪಿ ರೋಡ್ ಕಡೆ, ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕನ್ಸೋಲ್ ಬಿಚ್ಚಿ ಸರಿ ಮಾಡೋರು ಇದಾರೆ. ಅಲ್ಲೀವರೆಗೂ ಗಾಜಿನ ಮೇಲೆ ಅಗಲವಾದ ಸೆಲ್ಲೋಟೇಪ್ ಅಂಟಿಸಿಡಿ, ಚೂರು ಉದುರಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಿಮ್ಮ ಯಜಮಾನ್ರು ಹೇಳಿದ ಎರಡು ಲೈಟ್ ಐಡಿಯಾಗೆ ಇದೇ ಉತ್ತರ. ಎರಡು ಲೈಟ್ ಅಂದ್ರೆ ಎರಡೂ ಟಿವಿಗೆ ಹೋಗಲ್ಲ, ಜಾಯ್-ಕಾನ್ ಬಿಚ್ಚೋಕಾಗಲ್ಲ, ಅಜ್ಜಿ ಮನೇಲಿ ಐದು ಜನ ಮಕ್ಕಳು ಸುತ್ತ ನಿಂತು 5.5 ಇಂಚಿನ ಪರದೆಗೆ ಇಣುಕಬೇಕು. ಅದರ ಬದ್ಲು ಒಂದು ಸ್ವಿಚ್ 2, ಒಂದು ರಿಪೇರಿ ಆದ ಹಳೇ ಸ್ವಿಚ್. ಸ್ವಿಚ್ 2ರಲ್ಲಿ ಗೇಮ್‌ಶೇರ್ ಅಂತ ಇದೆ, ಹತ್ರದಲ್ಲೇ ಇರೋ ಹಳೇ ಸ್ವಿಚ್‌ಗೆ ಗೇಮ್ ಕಳಿಸಿ ಒಂದೇ ಕಾಪಿಯಲ್ಲಿ ಇಬ್ರೂ ಆಡಬೋದು. ಎಲ್ಲಾ ಗೇಮ್‌ಗೂ ಇಲ್ಲ, ಸೂಪರ್ ಮಾರಿಯೋ ಒಡಿಸ್ಸಿ, 51 ಆಟಗಳಿರೋ ಕ್ಲಬ್‌ಹೌಸ್ ಗೇಮ್ಸ್ ಇಂಥವಕ್ಕಿದೆ. ಡಿಜಿಟಲ್ ತಗೊಂಡ ಗೇಮ್ ಇದ್ರೆ ವರ್ಚುವಲ್ ಗೇಮ್ ಕಾರ್ಡ್ ಅಂತ ಮಾಡಿ ಮನೆಯವರ ಇನ್ನೊಂದು ಅಕೌಂಟ್‌ಗೆ 14 ದಿನ ಸಾಲ ಕೊಡಬೋದು. ಅಕ್ಕ ಒಂದು ಕಡೆ ತಮ್ಮ ಒಂದು ಕಡೆ, ಜಗಳ ಬಹುಪಾಲು ತಪ್ಪುತ್ತೆ.

ಬೇಡದ ಖರ್ಚು ಯಾವುದು ಅಂತ ಹೇಳ್ಬಿಡ್ತೀನಿ. ಪ್ರೊ ಕಂಟ್ರೋಲರ್ 2 ಈಗ 84.99, ಹೊಸದು ಬೇಡ, ಹಳೇ ಪ್ರೊ ಕಂಟ್ರೋಲರ್ ಇದ್ರೆ ಅದೇ ನಡೆಯುತ್ತೆ. ಹಳೇ ಜಾಯ್-ಕಾನ್ ಪಕ್ಕಕ್ಕೆ ಸಿಕ್ಕಿಸೋಕಾಗಲ್ಲ, ಹೊಸದು ಮ್ಯಾಗ್ನೆಟ್‌ನಲ್ಲಿ ಕೂರುತ್ತೆ, ಆದ್ರೆ ಹಳೇದೂ ವೈರ್‌ಲೆಸ್‌ನಲ್ಲಿ ಕನೆಕ್ಟ್ ಆಗುತ್ತೆ, ಅಂದ್ರೆ ನಾಲ್ಕು ಜನ ಆಡೋಕೆ ನಿಮ್ಮತ್ರ ಈಗ್ಲೇ ಎಲ್ಲಾ ಇದೆ. ಕ್ಯಾಮೆರಾ 54.99, ಬೇಡ. ಮಷೀನ್ ಪರಿಚಯ ಮಾಡ್ಕೊಡೋ ವೆಲ್ಕಮ್ ಟೂರ್ ಗೇಮ್ 9.99, ಅದೂ ಬೇಡ. ಮೆಮೊರಿ ಕಾರ್ಡ್ ಮಾತ್ರ ಎಚ್ಚರ, ಹಳೇ ಕಾರ್ಡ್‌ನಲ್ಲಿ ಗೇಮ್ ಹಾಕೋಕಾಗಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು, 256 ಜಿಬಿಗೆ ಸುಮಾರು 60 ಡಾಲರ್. ನೀವು ಕಾರ್ಟ್ರಿಜ್ ತಗೊಳ್ಳೋರಾದ್ರೆ ಮೊದಲನೇ ವರ್ಷ ಒಳಗಿನ 256 ಸಾಕು. ಕಾರ್ಟ್ರಿಜ್ ತಗೊಳ್ಳುವಾಗ ಡಬ್ಬಿ ಮುಂದೆ ಗೇಮ್-ಕೀ ಕಾರ್ಡ್ ಅಂತ ಬರೆದಿದ್ಯಾ ನೋಡಿ. ಹಾಗಿದ್ರೆ ಒಳಗೆ ಗೇಮ್ ಇರಲ್ಲ, ಬೀಗದ ಕೈ ಥರ ಕಾರ್ಡ್ ಮಾತ್ರ, ಪೂರ್ತಿ ಗೇಮ್ ಡೌನ್‌ಲೋಡ್ ಮಾಡ್ಬೇಕು, ಜಾಗ ತಿನ್ನುತ್ತೆ. ಅದನ್ನ ಮಾರಬೋದು, ಸಾಲ ಕೊಡಬೋದು, ಆದ್ರೂ ಕಾರ್ಟ್ರಿಜ್ ಅಂತ ದುಡ್ಡು ಕೊಟ್ಟು ಒಳಗೆ ಖಾಲಿ ಅಂದ್ರೆ ನನಗೆ ಸರಿ ಅನ್ಸಲ್ಲ. ನಿಂಟೆಂಡೊದೇ ಮಾರಿಯೋ ಕಾರ್ಟ್, ಡಾಂಕಿ ಕಾಂಗ್ ಎಲ್ಲಾ ಕಾರ್ಡ್ ಒಳಗೇ ಇರುತ್ತೆ. ಬಂಡಲ್‌ನಲ್ಲಿ ಬರೋ ಮಾರಿಯೋ ಕಾರ್ಟ್ ಡಿಜಿಟಲ್, ಅದು ನೆನಪಿರ್ಲಿ, ಮಾರೋಕಾಗಲ್ಲ.

ಇಂಡಿಯಾದಲ್ಲಿ ನಿಂಟೆಂಡೊ ಅಧಿಕೃತವಾಗಿ ಮಾರಲ್ಲ, ಇಲ್ಲಿ ನಾವು ತಗೊಳ್ಳೋದೆಲ್ಲ ಹೊರಗಿಂದ ಬಂದ ಮಾಲು. ನಿಮ್ಮ 450 ಡಾಲರ್ ಅಂದ್ರೆ 40 ಸಾವಿರ ರೂಪಾಯಿ ಆಸುಪಾಸು, ನಾನು ಇಲ್ಲಿ ಕೊಟ್ಟಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ, ವಾರಂಟಿ ಅಂತ ಅಂಗಡಿಯವರ ಬಾಯಿಮಾತು ಬಿಟ್ರೆ ಏನಿಲ್ಲ. ಪಿಎಸ್5 ಇಲ್ಲಿ 54,990ಕ್ಕೆ ಬಿಲ್ ಸಮೇತ ಬರುತ್ತೆ, ಹಾಗಿದ್ರೂ ನಾನು ಸ್ವಿಚ್ ತಗೊಂಡೆ, ಯಾಕಂದ್ರೆ ನನ್ನ ದಿನ ಅರ್ಧ ಮೆಟ್ರೋದಲ್ಲಿ ಹೋಗುತ್ತೆ, ಟಿವಿ ಮುಂದೆ ಕೂರೋ ಟೈಮ್ ಸಿಗೋದು ಭಾನುವಾರ ಮಾತ್ರ. ಇಲ್ಲೇ ಇದರ ಬೆಲೆ ಇರೋದು, ಒಂದೇ ಗೇಮ್ ಮೆಟ್ರೋದಲ್ಲಿ ನಿಲ್ಲಿಸಿ ಮನೆಗೆ ಬಂದು ಡಾಕ್‌ಗೆ ಇಟ್ರೆ ನಿಲ್ಲಿಸಿದ ಕಡೆಯಿಂದಲೇ ಟಿವಿಲಿ ಶುರು. ಟಿವಿಲಿ ಮಾತ್ರ ಆಡೋರಿಗೆ ಈ 450 ಜಾಸ್ತಿ ಅಂತಲೇ ನಾನು ಹೇಳೋದು, ಎರಡೂ ಕಡೆ ಆಡೋ ನಿಮ್ಮಂಥ ಮನೆಗೆ ಸರಿಯಾದ ರೇಟ್.

ಬರುವಾಗ ಸೀಲ್ಡ್ ಡಬ್ಬ ತರ್ಬೇಡಿ, ಮಕ್ಕಳು ಆಡ್ತಿರೋ ಹಾಗೆ ಕೈಚೀಲದಲ್ಲಿ ತನ್ನಿ, ಒಬ್ಬರಿಗೆ ಡ್ಯೂಟಿ ಇಲ್ಲದೆ ತರೋ ಮಿತಿ ಈ 2025ರಲ್ಲಿ 50,000 ರೂಪಾಯಿ, ಬಿಲ್ ಫೋಟೋ ಫೋನ್‌ನಲ್ಲಿರ್ಲಿ. ಚಾರ್ಜರ್ 100ರಿಂದ 240 ವೋಲ್ಟ್ ತಗೊಳ್ಳುತ್ತೆ, ಇಲ್ಲಿಯ ಪಿನ್ ಅಡಾಪ್ಟರ್ ಇದ್ರೆ ಸಾಕು. ಡಾಕ್‌ನೂ ಮರೀದೆ ತನ್ನಿ, ಹಳೇ ಸ್ವಿಚ್‌ನ ಡಾಕ್ ಹೊಸದಕ್ಕೆ ಆಗಲ್ಲ.

ಧಾರವಾಡ_ಜರ್ಸಿ:

ಬಸವನಗುಡಿ ತಮ್ಮಾ, ಗಾಜಿನ ಮಾತು ಭಾಳ ಛಲೋ ಹೇಳಿದಿ. ನಾನೂ ಅದನ್ನ ವಿಚಾರ ಮಾಡಿದ್ದಿಲ್ಲ. ಬಂಡಲ್‌ನ ಆಟ ಡಿಜಿಟಲ್ ಅನ್ನೂದೂ ಬರೀಬೇಕಿತ್ತು ನಾನು, ಮರತಬಿಟ್ಟೆ.

ಅಕ್ಕಾರ, ಆನ್‌ಲೈನ್ ಚಂದಾ ಒಂದು ಉಳೀತು. ಒಬ್ಬರಿಗೆ ವರ್ಷಕ್ಕ 19.99, ಫ್ಯಾಮಿಲಿ ಪ್ಲಾನ್ 34.99, ಅದರಾಗ ಎಂಟು ಅಕೌಂಟ್ ತನಕ ಸೇರಸಬಹುದು. ಇನ್ನೊಂದು ಫ್ಯಾಮಿಲಿ ಜೋಡಿ ಹಂಚಿಕೊಂಡ್ರ ಇನ್ನೂ ಕಡಿಮಿ. ಮ್ಯಾಲಿನ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಫ್ಯಾಮಿಲಿಗೆ 79.99 ಐತಿ, ಅದರಾಗ ಜೆಲ್ಡಾದ ಎರಡು ದೊಡ್ಡ ಆಟದ ಸ್ವಿಚ್ 2 ಅಪ್‌ಗ್ರೇಡ್ ಸೇರಿ ಬರ್ತಾವ, ಆದ್ರ ಬಿಡಿಯಾಗಿ ತಗೊಂಡ್ರ ಒಂದೊಂದಕ್ಕ 9.99 ಅಷ್ಟ. ನಿಮ್ಮ ಮಕ್ಕಳು ಸಣ್ಣವ್ರು, ಮೊದಲ ಆರು ತಿಂಗಳ ಆನ್‌ಲೈನ್ ಇಲ್ಲದ ಆಡಲಿ, ಮನಿಯೊಳಗ ಇಬ್ಬರು ಆಡಾಕ ಚಂದಾ ಬೇಕಾಗಂಗಿಲ್ಲ.

ಮೈಸೂರ್_ಟು_ಪ್ಲೇನೋ:

ಅಪ್‌ಡೇಟ್ ಹಾಕ್ತಿದೀನಿ. ತಮ್ಮನಿಗೆ ಬೇಡ ಅಂದೆ, ಉಡುಪಿಯವರ ಉತ್ತರಾನೇ ಕಳಿಸ್ದೆ, ಅವನಿಗೂ ಅಕೌಂಟ್ ವಿಷಯ ಗೊತ್ತಿರ್ಲಿಲ್ಲ. ಶನಿವಾರ ಇಬ್ರು ಮಕ್ಕಳನ್ನೂ ಕರ್ಕೊಂಡು ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿಸಿ ನೋಡಿದ್ವಿ. ಮಗ ಮೊದಲು ಭಾರ ಅಂದ, ಐದು ನಿಮಿಷಕ್ಕೆ ಮಡಿಲಲ್ಲಿ ಇಟ್ಕೊಂಡು ಆಡೋಕೆ ಶುರು ಮಾಡ್ದ, ಕೆಳಗಿಡು ಅಂದ್ರೆ ಇಡಲಿಲ್ಲ.

ಮಾರಿಯೋ ಕಾರ್ಟ್ ಬಂಡಲ್ ತಗೊಂಡ್ವಿ, ಟ್ಯಾಕ್ಸ್ ಸೇರಿ 541.24. ಗಟ್ಟಿ ಕೇಸ್, ಪರದೆಗೆ ಟೆಂಪರ್ಡ್ ಗ್ಲಾಸ್ ಸೇರಿ ಇನ್ನೊಂದು 35. ಸೋಫಾ ಅನುಭವ ಆದ್ಮೇಲೆ ಗ್ಲಾಸ್ ಇಲ್ಲದೆ ಡಬ್ಬ ಬಿಚ್ಚೋಕೂ ಬಿಡಲಿಲ್ಲ ನಾನು. ಮೆಮೊರಿ ಕಾರ್ಡ್, ಪ್ರೊ ಕಂಟ್ರೋಲರ್, ಆನ್‌ಲೈನ್ ಯಾವುದೂ ಈಗ ಬೇಡ ಅಂತ ಬಿಟ್ಟೆ. 600ರ ಒಳಗೇ ಮುಗೀತು. ಪವರ್ ಬ್ಯಾಂಕ್ ಮನೇಲಿರೋದೇ ನಡೆಯುತ್ತಾ ನೋಡ್ತೀನಿ.

ಲೈಬ್ರರಿಲಿ ಕೇಳ್ದೆ, ಕೊಡ್ತಾರೆ! ಮಗಳ ಕಾರ್ಡ್‌ನಲ್ಲಿ ಒಡಿಸ್ಸಿಗೆ ಹೆಸರು ಬರೆಸಿದೀವಿ, ನಮಗಿಂತ ಮುಂದೆ ನಾಲ್ಕು ಜನ ಇದಾರೆ. ಹಳೇ ಸ್ವಿಚ್‌ನ ಗಾಜಿಗೆ ಇಲ್ಲಿ ರಿಪೇರಿ ಅಂಗಡಿಯವರು ಕೂಲಿ ಸೇರಿ 90 ಕೇಳಿದ್ರು, ಅದಕ್ಕೆ ಟೇಪ್ ಅಂಟಿಸಿ ಸೂಟ್‌ಕೇಸ್‌ಗೆ ಹಾಕೋ ಸಾಮಾನಿನ ಜೊತೆ ಇಟ್ಟಿದೀನಿ. ಬಸವನಗುಡಿಯವರೇ, ನಾವು ಡಿಸೆಂಬರ್ 14ಕ್ಕೆ ಬೆಂಗಳೂರಿಗೆ ಇಳೀತೀವಿ, ಮೈಸೂರಿಗೆ ಹೊರಡೋದು ಮಾರನೇ ದಿನ ಸಂಜೆ. ಬೆಳಿಗ್ಗೆ ಕೊಟ್ರೆ ಮಧ್ಯಾಹ್ನದೊಳಗೆ ಗಾಜು ಹಾಕಿಕೊಡ್ತಾರಾ, ಇಲ್ಲಾ ವಾಪಸ್ ಬರುವಾಗ ಇಸ್ಕೊಳ್ಳೋ ಹಾಗೆ ಬಿಟ್ಟು ಹೋಗ್ಬೇಕಾ? ಬಿಟ್ಟು ಹೋಗೋದಾದ್ರೆ ಅಜ್ಜಿ ಮನೇಲಿ ಎರಡನೇದು ಇರಲ್ಲ, ಅದೊಂದು ಗೊತ್ತಾದ್ರೆ ಕ್ಲಬ್‌ಹೌಸ್ ಗೇಮ್ಸ್ ಈಗ್ಲೇ ತಗೊಳ್ಳೋದಾ ಬೇಡ್ವಾ ಅಂತ ನೋಡ್ತೀನಿ.